ಪಾಪಾಸುಕಳ್ಳಿ: ಸಸ್ಯ ಲಕ್ಷಣಗಳು, ಗುರುತಿಸುವ ವಿಧಾನ ಮತ್ತು ಮುನ್ನೆಚ್ಚರಿಕೆಗಳು

ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲ ಭಾಗದ ಕಡಿಮೆ ಮಳೆ ಬೀಳುವ ಕಲ್ಲುನೆಲ, ಗುಡ್ಡದಂಚು ಮತ್ತು ಹೊಲದ ಬದುಗಳಿಗೆ ಪಾಪಾಸುಕಳ್ಳಿಯು ಹೊಂದಿಕೊಳ್ಳುವ ಸಸ್ಯವಾಗಿದೆ. ಇದನ್ನು ಡಬಗಳ್ಳಿ ಎಂದೂ ಕರೆಯಲಾಗುತ್ತದೆ. ಸಾರ್ವಜನಿಕರ ಹಾಗೂ ರೈತ ಬಾಂಧವರ ಮಾಹಿತಿಗಾಗಿ ಇದರ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

1. ಮೂಲ
ಈ ಸಸ್ಯದ ವೈಜ್ಞಾನಿಕ ಹೆಸರು ಒಪುನ್ಷಿಯಾ ಡಿಲ್ಲೆನಿ. ಇದು ಅಮೆರಿಕ ಖಂಡದ ಮೂಲದ್ದಾಗಿದ್ದು, ಭಾರತಕ್ಕೆ ಹೊರಗಿನಿಂದ ಬಂದುದಾಗಿದೆ.

2. ಸಸ್ಯ ಲಕ್ಷಣಗಳು
ಎತ್ತರ: ಸಾಮಾನ್ಯವಾಗಿ 1 ರಿಂದ 2 ಮೀಟರ್, ಪೊದೆಯಾಗಿ ಹರಡುತ್ತದೆ.
ಕಾಂಡ: ಎಲೆಯಂತೆ ಕಾಣುವ ಚಪ್ಪಟೆ ಹಸಿರು ಭಾಗವೇ ಕಾಂಡ. ನೀರನ್ನು ಸಂಗ್ರಹಿಸುವ ಹಾಗೂ ಆಹಾರವನ್ನು ತಯಾರಿಸುವ ಕಾರ್ಯ ಇಲ್ಲಿಯೇ ನಡೆಯುತ್ತದೆ. ಮುರಿದುಬಿದ್ದ ತುಂಡು ಸಹ ಬೇರು ಬಿಡುತ್ತದೆ.
ಎಲೆ: ಎಳೆಯ ಕಾಂಡದ ಮೇಲೆ ಚಿಕ್ಕದಾಗಿ ಮೂಡಿ ಬೇಗನೆ ಉದುರುತ್ತದೆ.
ಮುಳ್ಳು: ಹಳದಿ ಬಣ್ಣದ ಉದ್ದ ಮುಳ್ಳುಗಳ ಬುಡದಲ್ಲಿ ಕೂದಲಿನಷ್ಟು ಸಣ್ಣ ಮುಳ್ಳುಗಳ ಗುಚ್ಛವಿರುತ್ತದೆ.
ಹೂವು ಮತ್ತು ಹಣ್ಣು: ಹೂವು ಹಳದಿ, ಮಾಗಿದ ಹಣ್ಣು ಕೆನ್ನೇರಳೆ. ಹಣ್ಣಿನ ಮೇಲೆಯೂ ಸಣ್ಣ ಮುಳ್ಳುಗಳಿರುತ್ತವೆ.
ಉಸಿರಾಟದ ರಂಧ್ರಗಳು: ಮುಖ್ಯವಾಗಿ ರಾತ್ರಿ ತೆರೆಯುವುದರಿಂದ ನೀರು ಆವಿಯಾಗುವುದು ಕಡಿಮೆ.

3. ಇತರ ಕಳ್ಳಿಗಳಿಂದ ಇರುವ ವ್ಯತ್ಯಾಸ
ಬೇಲಿಗಳಲ್ಲಿ ಬೆಳೆಯುವ ಎಲೆಗಳ್ಳಿ, ಮುಂಡುಗಳ್ಳಿ ಮುಂತಾದವು ಬೇರೆ ಕುಟುಂಬಕ್ಕೆ ಸೇರಿವೆ. ಅವುಗಳನ್ನು ಮುರಿದರೆ ಬಿಳಿ ಹಾಲು ಒಸರುತ್ತದೆ. ಪಾಪಾಸುಕಳ್ಳಿಯಲ್ಲಿ ನೀರಿನಂತಹ ಅಂಟುರಸ ಮಾತ್ರ ಇರುತ್ತದೆ. ಕಳ್ಳಿಹಾಲು ಕಣ್ಣಿಗೆ ಬಿದ್ದಲ್ಲಿ ದೃಷ್ಟಿಗೆ ಅಪಾಯ ಉಂಟಾಗಬಹುದಾದ್ದರಿಂದ, ಕೂಡಲೇ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ವಿಳಂಬವಿಲ್ಲದೆ ವೈದ್ಯರನ್ನು ಕಾಣತಕ್ಕದ್ದು.

4. ಕೀಟ ನಿಯಂತ್ರಣದ ಹಿನ್ನೆಲೆ
ಕೆಂಪು ಬಣ್ಣದ ಉತ್ಪಾದನೆಗೆಂದು 1795ರಲ್ಲಿ ಭಾರತಕ್ಕೆ ತರಲಾದ ಕೀಟವು ಉತ್ತಮ ಬಣ್ಣ ನೀಡಲಿಲ್ಲ. ಆದರೆ ಪಾಪಾಸುಕಳ್ಳಿಯ ಮತ್ತೊಂದು ಪ್ರಭೇದವನ್ನು ನಾಶಪಡಿಸಿತು. ಒಪುನ್ಷಿಯಾ ಡಿಲ್ಲೆನಿಯ ನಿಯಂತ್ರಣಕ್ಕಾಗಿ 1926ರಲ್ಲಿ ಶ್ರೀಲಂಕಾದಿಂದ ಬೇರೊಂದು ಕೀಟವನ್ನು ತರಲಾಯಿತು. ಕಾಂಡದ ಮೇಲೆ ಹತ್ತಿಯಂತಹ ಬಿಳಿ ಪದರವಿದ್ದು, ಒರೆಸಿದಾಗ ಕೆಂಪು ಬಣ್ಣ ಬಂದರೆ ಅದು ಈ ಬಗೆಯ ಕೀಟದ ಲಕ್ಷಣವಾಗಿದೆ. ಮೇವಿಗಾಗಿ ಬೆಳೆಯುವ ಮುಳ್ಳಿಲ್ಲದ ತಳಿಗಳಿಗೂ ಇದು ತಗಲುವುದರಿಂದ ಅಂತಹ ತುಂಡುಗಳನ್ನು ನಾಟಿಗೆ ಬಳಸಬಾರದು.

5. ಮುನ್ನೆಚ್ಚರಿಕೆಗಳು
(ಅ) ಸಣ್ಣ ಮುಳ್ಳು ಚುಚ್ಚಿದಾಗ ಚರ್ಮವನ್ನು ಉಜ್ಜಬಾರದು, ಚಿಮಟದಿಂದ ತೆಗೆಯುವುದು.
(ಆ) ಬರಗಾಲದಲ್ಲಿ ಮೇವಾಗಿ ನೀಡುವ ಮೊದಲು ಮುಳ್ಳುಗಳನ್ನು ಪೂರ್ಣವಾಗಿ ಸುಟ್ಟು ತೆಗೆಯುವುದು. ಇಲ್ಲವಾದಲ್ಲಿ ಜಾನುವಾರುಗಳ ಬಾಯಿ ಮತ್ತು ಕರುಳಿಗೆ ಗಾಯವಾಗುತ್ತದೆ.
(ಇ) ಇದರಲ್ಲಿ ನೀರಿನಂಶ ಹೆಚ್ಚಿದ್ದು ಸಸಾರಜನಕ ಕಡಿಮೆ ಇರುವುದರಿಂದ ಇದೊಂದನ್ನೇ ನೀಡಿದಲ್ಲಿ ಭೇದಿಯಾಗುವ ಸಂಭವವಿದೆ. ಒಣಮೇವಿನೊಂದಿಗೆ ಬೆರೆಸಿ ನೀಡತಕ್ಕದ್ದು.
(ಈ) ಕಡಿದ ತುಂಡುಗಳನ್ನು ಹೊಲ, ಹಳ್ಳ ಅಥವಾ ಗೋಮಾಳದಲ್ಲಿ ಎಸೆಯಬಾರದು.

ಹೆಚ್ಚಿನ ಮಾಹಿತಿಗಾಗಿ ರೈತರು ಸಮೀಪದ ರೈತ ಸಂಪರ್ಕ ಕೇಂದ್ರವನ್ನು, ಜಾನುವಾರುಗಳ ಚಿಕಿತ್ಸೆಗಾಗಿ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ.