ಪ್ಯಾಡಿನ ಲೆಕ್ಕಕ್ಕೆ ಸಿಗದ ಸೋರಿಕೆ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಮತ್ತು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ಮೂತ್ರ ನಿಯಂತ್ರಣ

ಪ್ರಾಸ್ಟೇಟ್ ಕ್ಯಾನ್ಸರಿಗೆ ಇಡೀ ಗ್ರಂಥಿಯನ್ನೇ ತೆಗೆದ ಮೇಲೆ ಎಷ್ಟು ಮಂದಿಗೆ ಮೂತ್ರ ಸೋರುತ್ತದೆ? ವೈದ್ಯಸಾಹಿತ್ಯದ ಉತ್ತರ ಬಹುಮಟ್ಟಿಗೆ ಪ್ಯಾಡಿನ ಲೆಕ್ಕದಲ್ಲಿದೆ. ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗ 2016ರಲ್ಲಿ ಪ್ರಕಟಿಸಿದಂತೆ, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 6 ತಿಂಗಳಿಗೆ ಶೇ 46 ಮಂದಿ, 6 ವರ್ಷಕ್ಕೆ ಶೇ 17 ಮಂದಿ ಪ್ಯಾಡ್ ಬಳಸುತ್ತಿದ್ದರು. ಮುನ್ನೆಚ್ಚರಿಕೆಗೆಂದು ದಿನಕ್ಕೊಂದು ಪ್ಯಾಡ್ ಇಟ್ಟುಕೊಳ್ಳುವವರನ್ನೂ ಗುಣವಾದವರೆಂದೇ ಎಣಿಸುವ ಅಧ್ಯಯನಗಳಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಒಕ್ಕಲಿಗನಿಗೆ ಈ ಅಳತೆ ಹೊಂದುವುದಿಲ್ಲ ಎಂಬುದು ನನ್ನ ವಾದ. ಲಂಗೋಟಿಯೊಳಗೆ ಹಳೆಯ ಧೋತರದ ತುಂಡು ಮಡಚಿಟ್ಟುಕೊಂಡ ಮುದುಕನನ್ನು ‘ಪ್ಯಾಡ್ ಹಾಕ್ತೀರೇನ್ರೀ?’ ಎಂದು ಕೇಳಿದರೆ ‘ಇಲ್ರೀ’ ಎಂದೇ ಹೇಳುತ್ತಾನೆ. ಅಲ್ಲಿಗೆ ಕಡತದಲ್ಲಿ ಅವನ ಸೋರಿಕೆ ನಿಂತಿತು.

ಸೋರಿಕೆಯ ಕಾರಣ ಸರಳ. ಗಂಡಸಿನಲ್ಲಿ ಮೂತ್ರವನ್ನು ತಡೆಯುವ ಬಿಗಿತ ಎರಡು ಕಡೆ ಇದೆ: ಮೂತ್ರಕೋಶದ ಕೊರಳಿನಲ್ಲಿ ಒಂದು, ಪ್ರಾಸ್ಟೇಟಿನ ಕೆಳಗೆ ಇನ್ನೊಂದು. ಗ್ರಂಥಿಯೊಡನೆ ಮೇಲಿನದು ಬಹುಪಾಲು ಹೋಗುತ್ತದೆ. ಹೊರೆಯೆಲ್ಲ ಕೆಳಗಿನ ಸ್ನಾಯುವಿನ ಮೇಲೆ ಬೀಳುತ್ತದೆ. ಕ್ಯಾತಿಟರ್ ತೆಗೆದ ಮೊದಲ ವಾರಗಳಲ್ಲಿ ಕೆಮ್ಮಿದರೆ, ಎದ್ದರೆ, ಭಾರ ಎತ್ತಿದರೆ ಹನಿ ಬೀಳುತ್ತದೆ. ದಣಿದ ಸ್ನಾಯು ಸಂಜೆಯ ಹೊತ್ತಿಗೆ ಇನ್ನಷ್ಟು ಸಡಿಲವಾಗುವುದರಿಂದ ಬೆಳಿಗ್ಗೆ ಒಣಗಿದ್ದವನು ಹೊತ್ತು ಮುಳುಗುವಾಗ ತೊಯ್ದಿರುತ್ತಾನೆ.

ಈ ವಿವರ ಎರಿ ಹೊಲಕ್ಕೆ ಬಂದಾಗ ಬೇರೆ ತೂಕ ಪಡೆಯುತ್ತದೆ. ಹಿಂಗಾರಿ ಬಿಳಿಜೋಳದ ಸುಗ್ಗಿಯೆಂದರೆ ಬಗ್ಗುವುದು, ಕುಕ್ಕರಗಾಲಲ್ಲಿ ಕೂರುವುದು, ಸಿವುಡು ಎತ್ತುವುದು. ಇಂಡಿಯ ನಿಂಬೆ ತೋಟದಲ್ಲಿ ಚೀಲ ಹೊರುವುದು. ಎಲ್ಲವೂ ಹೊಟ್ಟೆಯ ಒತ್ತಡ ಏರಿಸುವ ಕೆಲಸಗಳೇ. ಜೊತೆಗೆ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಸೋರಿಕೆಗೆ ಅಂಜಿ ನೀರು ಬಿಡುವುದು ಅಪಾಯದ ಉಪಾಯ: ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ, ಮಲಬದ್ಧತೆ ಕಾಡುತ್ತದೆ, ಕಲ್ಲುಗಳಿಗೂ ದಾರಿಯಾಗುತ್ತದೆ. ನೀರು ಬಿಟ್ಟು ಹನಿ ಕಡಿಮೆ ಮಾಡಿಕೊಂಡವನನ್ನೂ ಪ್ಯಾಡಿನ ಲೆಕ್ಕ ಸುಧಾರಿಸಿದವನೆಂದೇ ಬರೆದುಕೊಳ್ಳುತ್ತದೆ.

ಬದಲಿ ಅಳತೆಯನ್ನು ಹೊಸದಾಗಿ ಹುಟ್ಟಿಸಬೇಕಿಲ್ಲ. 24 ತಾಸಿನ ತೂಕದ ಪರೀಕ್ಷೆ ಬಹಳ ಹಿಂದಿನಿಂದ ಇದೆ. ಒಂದು ಗ್ರಾಂ ಏರಿದರೆ ಸುಮಾರು ಒಂದು ಮಿಲಿಲೀಟರ್ ಮೂತ್ರ. ಅದಕ್ಕೆ ಪ್ಯಾಡೇ ಆಗಬೇಕೆಂಬ ನಿಯಮ ಪ್ರಕೃತಿಯದಲ್ಲ. ಒಂದೇ ಅಳತೆಗೆ ಕತ್ತರಿಸಿ, ಮೊದಲೇ ತೂಗಿದ ಹತ್ತಿಬಟ್ಟೆಯ ತುಂಡುಗಳನ್ನು ಕೊಟ್ಟು ಕಳಿಸಿದರೆ ಸಾಕು. ತೊಯ್ದ ತುಂಡನ್ನು ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು, ಇಲ್ಲದಿದ್ದರೆ ಇಲ್ಲಿನ ಬಿಸಿಲಿಗೆ ಅರ್ಧ ಪುರಾವೆ ಆರಿಹೋಗುತ್ತದೆ. ಬೆವರು ಲೆಕ್ಕ ಕೆಡಿಸುವುದೂ ನಿಜ. ಆದರೂ ಈ ತೂಕ ‘ಇಲ್ರೀ’ ಎಂಬ ಉತ್ತರಕ್ಕಿಂತ ಹೆಚ್ಚು ಹೇಳುತ್ತದೆ.

ಐಸಿಐಕ್ಯು ಪ್ರಶ್ನಾವಳಿ ಸೋರಿಕೆ ದಿನನಿತ್ಯದ ಬದುಕಿಗೆ ಎಷ್ಟು ಅಡ್ಡಿ ಎಂದು 0ಯಿಂದ 10ರವರೆಗೆ ಅಂಕ ಕೇಳುತ್ತದೆ. ಒಳ್ಳೆಯ ಪ್ರಶ್ನೆ, ಆದರೆ ಪೂಜೆ, ನಮಾಜು, ಜಾತ್ರೆ, ಬಸ್ಸಿನ ಪ್ರಯಾಣಗಳನ್ನು ಹೆಸರಿಸಿ ಕೇಳದಿದ್ದರೆ ಉತ್ತರ ಬರಲಾರದು. ನಮಾಜಿನ ವಿಷಯದಲ್ಲಿ ಹನಫಿ ಶಾಸ್ತ್ರ ಸ್ಪಷ್ಟವಾಗಿದೆ: ನಿಲ್ಲದ ಸೋರಿಕೆಯುಳ್ಳವನು ಪ್ರತಿ ಹೊತ್ತಿನ ನಮಾಜಿಗೆ ಒಮ್ಮೆ ವಜೂ ಮಾಡಿದರೆ ಸಾಕು. ಇಷ್ಟಲಿಂಗ ಹಿಡಿದವನಿಗೆ ಪಂಚಸೂತಕಗಳನ್ನು ತಳ್ಳಿಹಾಕಿದ ಶರಣರ ಪರಂಪರೆ ಇದೆ, ಅದೂ ಬಸವಣ್ಣನವರ ಜನ್ಮಸ್ಥಳವೇ ಈ ನಾಲ್ಕರಲ್ಲೊಂದಾಗಿರುವಾಗ. ಆ ಐದರಲ್ಲಿ ಮೂತ್ರ ಸೇರಿಲ್ಲ, ನಿಜ. ಆದರೆ ದೇಹದ ಸಹಜ ಕ್ರಿಯೆಗೆ ಮೈಲಿಗೆ ಅಂಟಿಸದ ಆ ನಿಲುವನ್ನು ಇಲ್ಲಿಗೂ ಹಿಗ್ಗಿಸಬಹುದು. ಮೌಲವಿಯೋ ಮಠದ ಸ್ವಾಮಿಗಳೋ ಆಡುವ ಒಂದು ಮಾತು ವೈದ್ಯನ ಹತ್ತು ಮಾತಿಗಿಂತ ಮೊದಲು ತಲುಪೀತು.

ವ್ಯಾಯಾಮದ ಬಗ್ಗೆ ಸಮಾಧಾನದ ಸುದ್ದಿಯೊಂದಿದೆ. 2011ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಮ್ಯಾಪ್ಸ್ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯಾಗಿ 6 ವಾರಕ್ಕೂ ಸೋರಿಕೆ ನಿಲ್ಲದವರ ಪೈಕಿ ಕೆಲವರು ತರಬೇತುದಾರರಲ್ಲಿಗೆ ನಾಲ್ಕು ಬಾರಿ ಹೋದರು. ವರ್ಷದ ಕೊನೆಗೆ ಅವರಲ್ಲಿ ಶೇ 76 ಮಂದಿಗೆ, ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಶೇ 77 ಮಂದಿಗೆ ಸೋರಿಕೆ ಇತ್ತು. ಹಾಗಾದರೆ ಮುದ್ದೇಬಿಹಾಳದವರನ್ನು ವ್ಯಾಯಾಮಕ್ಕೆಂದೇ ಮತ್ತೆ ಮತ್ತೆ ಜಿಲ್ಲಾ ಕೇಂದ್ರಕ್ಕೆ ಕರೆಸುವುದಕ್ಕೆ ಆಧಾರ ತೆಳ್ಳಗಿದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಒಮ್ಮೆ, ಸಂಕೋಚ ಬಿಟ್ಟು, ಹೂಸು ತಡೆಯುವಾಗ ಬಿಗಿಯುವ ಸ್ನಾಯು ಯಾವುದೆಂದು ಕಲಿಸಿ, ಏಳುವ ಮುನ್ನ, ಎತ್ತುವ ಮುನ್ನ ಅದನ್ನು ಬಿಗಿಯಲು ಹೇಳಿ, ಮುಂದಿನದನ್ನು ಫೋನಿನಲ್ಲಿ ವಿಚಾರಿಸಬಹುದು.

ವರ್ಷ ಕಳೆದರೂ ನಿಲ್ಲದಿದ್ದರೆ ತೂಕವೇ ದಾರಿ ತೋರುತ್ತದೆ. ದಿನಕ್ಕೆ 400 ಗ್ರಾಮಿನೊಳಗಿದ್ದರೆ ಮೂತ್ರನಾಳಕ್ಕೆ ಆಸರೆಯಾಗುವ ಪಟ್ಟಿ ಸಾಕಾಗಬಹುದು. ಅದಕ್ಕಿಂತ ಹೆಚ್ಚಿದ್ದರೆ ವೃಷಣಚೀಲದಲ್ಲಿ ಪಂಪು ಇರುವ ಕೃತಕ ಸ್ಫಿಂಕ್ಟರ್, ಲಕ್ಷಗಟ್ಟಲೆ ಬೆಲೆಯದು. ಹಾಗಾಗಿ ಯಾವ ದಿನ ತೂಗಿದೆವು ಎಂಬುದು ಸಣ್ಣ ಮಾತಲ್ಲ. ಆಸ್ಪತ್ರೆಗೆ ಬರಲು ಬಿಡುವು ಸಿಗುವುದು ಹೊಲದಲ್ಲಿ ಕೆಲಸ ಇಲ್ಲದಾಗ, ಹನಿ ಬೀಳುವುದು ಸುಗ್ಗಿಯಲ್ಲಿ. ದುಡಿದ ದಿನದ್ದೊಂದು, ಕಟ್ಟೆಯ ಮೇಲೆ ಕೂತ ದಿನದ್ದೊಂದು, ಎರಡೂ ತೂಕ ಕೈಯಲ್ಲಿರದೆ ಈ ರೋಗಿಗೆ ಪಟ್ಟಿಯೋ ಪಂಪೋ ಎಂದು ನಿರ್ಧರಿಸಬಾರದು.