ತರಗತಿಯಿಂದ ಹೊರಗೆ ಹೋಗುವ ರೀತಿ

ನನ್ನ ಅಕ್ಕನ ಮೊಮ್ಮಗಳು ಈ ವರ್ಷ ಪದವಿ ಕಾಲೇಜಿಗೆ ಸೇರಿದ್ದಾಳೆ. ಮೊದಲ ವಾರವೇ ಫೋನು ಮಾಡಿ, "ತಾತ, ಕಾಲೇಜಿನಲ್ಲಿ ಪಾಠದ ಮಧ್ಯೆ ಹೊರಗೆ ಹೋಗಬೇಕಾದರೆ ಮೇಷ್ಟ್ರನ್ನು ಕೇಳಬೇಕಾ? ನಾನು ಎದ್ದು ನಿಂತು ಕೇಳಿದೆ. ಎಲ್ಲರೂ ನಕ್ಕುಬಿಟ್ಟರು" ಎಂದಳು. ದನಿಯಲ್ಲಿ ಅವಮಾನವಿತ್ತು. "ನೀನು ಮಾಡಿದ್ದೇ ಸರಿ ಮಗು" ಎಂದು ಹೇಳಿ ಫೋನು ಇಟ್ಟೆ. ಆದರೆ ಸಮಾಜ ವಿಜ್ಞಾನದ ಮೇಷ್ಟರಿಗೆ ಒಂದು ಸಾಲಿನ ಉತ್ತರದಿಂದ ತೃಪ್ತಿಯಾಗುವುದುಂಟೇ? ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಕಿರುಬೆರಳಿನ ಭಾಷೆ ನೆನಪಿರಬಹುದು. ಪ್ರೌಢಶಾಲೆಯಲ್ಲಿ ಕಿರುಬೆರಳು ಎತ್ತಿದರೆ ಸಾಕು, ನಾನು ತಲೆಯಾಡಿಸುತ್ತಿದ್ದೆ. ಕಾಲೇಜಿನಲ್ಲಿ ಆ ಬೆರಳು ಮಡಚಿಕೊಳ್ಳುತ್ತದೆ. ಹಾಜರಿ ಕೂಗಿ ಮುಗಿದೊಡನೆ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುವುದೇ ದೊಡ್ಡವರಾದುದರ ಗುರುತು ಎಂಬ ಭಾವನೆ ನಮ್ಮ ಕಾಲದಲ್ಲಿಯೂ ಇತ್ತು. ಆದರೆ ನಮ್ಮ ದೇಶದ ಇತಿಹಾಸದಲ್ಲಿ, ವಿದ್ಯಾರ್ಥಿಗಳು ತರಗತಿಯಿಂದ ಹೊರಗೆ ಹೇಗೆ ಹೋಗಬೇಕು ಎಂಬ ಪ್ರಶ್ನೆ ದೊಡ್ಡ ದೊಡ್ಡವರ ನಿದ್ದೆ ಕೆಡಿಸಿದ್ದುಂಟು.

ಮೊದಲು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗೋಣ. 1916ರ ಜನವರಿ. ಇತಿಹಾಸದ ಪ್ರಾಧ್ಯಾಪಕ ಓಟನ್ ಪಾಠ ಮಾಡುತ್ತಿದ್ದ ಕೊಠಡಿಯ ಪಕ್ಕದ ಮೊಗಸಾಲೆಯಲ್ಲಿ ಕೆಲವು ವಿದ್ಯಾರ್ಥಿಗಳು ನಡೆದುಹೋಗುತ್ತಿದ್ದರು. ಗದ್ದಲವಾಯಿತೆಂದು ಸಿಟ್ಟಿಗೆದ್ದ ಪ್ರಾಧ್ಯಾಪಕರು ಹೊರಬಂದು ಮುಂದಿದ್ದವರನ್ನು ಹಿಂದಕ್ಕೆ ತಳ್ಳಿದರು. ಆ ತರಗತಿಯ ಪ್ರತಿನಿಧಿಯಾಗಿದ್ದ ಹುಡುಗ ಪ್ರಾಂಶುಪಾಲರ ಬಳಿ ನ್ಯಾಯ ಕೇಳಿದ. ಅವನೇ ಸುಭಾಷ್‌ಚಂದ್ರ ಬೋಸ್. ಮುಷ್ಕರ ನಡೆಯಿತು, ರಾಜಿಯೂ ಆಯಿತು. ಆದರೆ ಫೆಬ್ರವರಿಯಲ್ಲಿ ಮತ್ತೊಂದು ಪ್ರಸಂಗ ನಡೆದು, ವಿದ್ಯಾರ್ಥಿಗಳು ಕಾಲೇಜಿನ ಮೆಟ್ಟಿಲ ಬಳಿ ಓಟನ್ನರನ್ನು ಹೊಡೆದರು. ಸರ್ಕಾರ ಕಾಲೇಜನ್ನು ಮುಚ್ಚಿಸಿತು. ಆಶುತೋಷ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕುಳಿತಿತು. ಸುಭಾಷರನ್ನು ಕಾಲೇಜಿನಿಂದ ಹೊರಹಾಕಲಾಯಿತು. ಮೊಗಸಾಲೆಯಲ್ಲಿ ಸದ್ದು ಮಾಡದೆ ನಡೆಯುವುದು ವಿದ್ಯಾರ್ಥಿಯ ಮರ್ಯಾದೆ. ಸದ್ದಾದರೂ ಕೈಮಾಡದಿರುವುದು ಮೇಷ್ಟರ ಮರ್ಯಾದೆ. ಎರಡೂ ತಪ್ಪಿದ ಕಡೆ ಸಣ್ಣದೊಂದು ಗದ್ದಲ ಎಲ್ಲಿಗೆ ಮುಟ್ಟಿತು ನೋಡಿ.

ಇದು ಸಿಟ್ಟಿನಿಂದಾದ ಕಥೆ. ವಿಚಾರ ಮಾಡಿ ಹೊರಗೆ ಹೋದವರ ಕಥೆ ಬೇರೆ. 1905ರ ಬಂಗಾಳ ವಿಭಜನೆಯ ನಂತರದ ಸ್ವದೇಶಿ ಚಳವಳಿಯ ದಿನಗಳಲ್ಲಿ ಕೆಲವು ತರುಣರು ರವೀಂದ್ರನಾಥ ಠಾಕೂರರ ಬಳಿಗೆ ಬಂದು, ತಾವು ಅಪ್ಪಣೆ ಕೊಟ್ಟರೆ ಶಾಲೆ ಕಾಲೇಜು ಬಿಡುತ್ತೇವೆ ಎಂದರಂತೆ. ಕವಿಗಳು ಒಪ್ಪಲಿಲ್ಲ. ಹುಡುಗರು ಅವರ ದೇಶಭಕ್ತಿಯನ್ನೇ ಶಂಕಿಸುತ್ತ ಸಿಟ್ಟಿನಿಂದ ಹೊರಟುಹೋದರು. 1921ರಲ್ಲಿ ವಿದೇಶದಿಂದ ಬರೆದ ಪತ್ರದಲ್ಲಿ ಕವಿಗಳು ಈ ಪ್ರಸಂಗವನ್ನು ನೆನೆದಿದ್ದಾರೆ. ಒಂದನ್ನು ಬಿಡಿಸುವ ಮುನ್ನ ಅದರ ಜಾಗದಲ್ಲಿ ಏನು ಕೊಡುತ್ತೀರಿ ಎಂಬುದು ಅವರ ಚಿಂತೆ.

ಆ ಚಿಂತೆಗೆ ಕಾರಣ ಅಸಹಕಾರ ಚಳವಳಿ. 1920ರಲ್ಲಿ ಗಾಂಧೀಜಿಯವರು ಸರ್ಕಾರಿ ಮತ್ತು ಸರ್ಕಾರದ ನೆರವಿನ ವಿದ್ಯಾಸಂಸ್ಥೆಗಳನ್ನು ಬಿಟ್ಟು ಬನ್ನಿರೆಂದು ಕರೆಕೊಟ್ಟರು. ಆದರೆ ಕರೆಯ ಜೊತೆಗೆ ಒಂದು ಶಿಷ್ಟಾಚಾರವೂ ಇತ್ತು. ಹದಿನಾರು ದಾಟಿದವರು ಮಾತ್ರ ಸ್ವಂತ ಆತ್ಮಸಾಕ್ಷಿಯಂತೆ ನಿರ್ಧರಿಸಬೇಕು. ಅದಕ್ಕೆ ಮೊದಲು ತಂದೆತಾಯಿಗಳೊಡನೆ ವಿನಯದಿಂದ ಮಾತನಾಡಬೇಕು. ಉಳಿದವರನ್ನು ಬಲವಂತ ಮಾಡಬಾರದು. ಹೊರಬಂದವರಿಗೆ ನೆಲೆಯನ್ನೂ ಕಟ್ಟಿದರು. 1920ರ ಅಕ್ಟೋಬರ್ 18ರಂದು ಅಹಮದಾಬಾದಿನಲ್ಲಿ ಗುಜರಾತ್ ವಿದ್ಯಾಪೀಠ, ಅಕ್ಟೋಬರ್ 29ರಂದು ಅಲಿಗಢದಲ್ಲಿ ಜಾಮಿಯಾ ಮಿಲಿಯಾ, 1921ರ ಫೆಬ್ರವರಿ 10ರಂದು ಕಾಶಿ ವಿದ್ಯಾಪೀಠ ಹುಟ್ಟಿದವು. ಶಾಲೆ ಬಿಟ್ಟು ಕಾಶಿ ವಿದ್ಯಾಪೀಠ ಸೇರಿದ ಒಬ್ಬ ಹುಡುಗ ಅಲ್ಲಿ ಪಡೆದ ಪದವಿಯಿಂದಲೇ ಲಾಲ್ ಬಹಾದೂರ್ 'ಶಾಸ್ತ್ರಿ' ಆದ. ಅಲಿಗಢದಿಂದ ಹೊರನಡೆದವರಲ್ಲಿ ಒಬ್ಬರಾದ ಜಾಕಿರ್ ಹುಸೇನರು 1967ರಲ್ಲಿ ರಾಷ್ಟ್ರಪತಿಗಳಾದರು. ಪಟ್ನಾ ಕಾಲೇಜಿನ ಜಯಪ್ರಕಾಶ ನಾರಾಯಣರು ಪರೀಕ್ಷೆ ಹತ್ತಿರ ಬಂದಿದ್ದಾಗಲೇ ಹೊರಬಂದರು.

ಆದರೆ 1921ರ ಆರಂಭದಲ್ಲಿ ಕಲ್ಕತ್ತೆಯ ಕೆಲವು ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. ಒಳಗೆ ಹೋಗಬಯಸುವವರ ದಾರಿಗೆ ಅಡ್ಡಲಾಗಿ ಮಲಗಿದರು: ಹೋಗುವುದಾದರೆ ನಮ್ಮನ್ನು ತುಳಿದುಕೊಂಡು ಹೋಗಿ! ಇದು ಅಹಿಂಸೆಯೇ ಅಲ್ಲವೇ ಎಂದು ನಾವು ಕೇಳಬಹುದು. ಗಾಂಧೀಜಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಇದನ್ನು ಅನಾಗರಿಕವೆಂದು ಖಂಡಿಸಿದರು, ಹೇಡಿತನವೆಂದೂ ಕರೆದರು. ತನ್ನನ್ನು ಯಾರೂ ತುಳಿಯಲಾರರು ಎಂಬ ಭರವಸೆಯಿಂದಲೇ ಅವನು ಮಲಗಿರುತ್ತಾನೆ ಎಂಬುದು ಅವರ ವಾದ.

ಈ ಮಾತನ್ನು ನಾನು ಮೊದಲು ಓದಿದ್ದು ಬಿ.ಎಡ್. ಓದುತ್ತಿದ್ದಾಗ, ಗ್ರಂಥಾಲಯದ ಮೂಲೆಯಲ್ಲಿ ಕುಳಿತು. ಓದಿ ಪುಸ್ತಕ ಮುಚ್ಚಿಬಿಟ್ಟೆ. ಏಕೆಂದರೆ ಪಿಯುಸಿಯಲ್ಲಿದ್ದಾಗ ನಾನೂ ಹಾಗೆ ಮಲಗಿದ್ದವನೇ. ಒಂದು ಮುಷ್ಕರದ ದಿನ ನಾವು ನಾಲ್ವರು ಕಾಲೇಜಿನ ಹೆಬ್ಬಾಗಿಲಿಗೆ ಅಡ್ಡಲಾಗಿ ಮಲಗಿದ್ದೆವು. ಅಂದು ಪರೀಕ್ಷಾ ಶುಲ್ಕ ಕಟ್ಟಲು ಕಡೆಯ ದಿನ. ಹಳ್ಳಿಯಿಂದ ನಡೆದು ಬರುತ್ತಿದ್ದ ನಮ್ಮ ತರಗತಿಯ ಹುಡುಗಿಯೊಬ್ಬಳು ಕರವಸ್ತ್ರದಲ್ಲಿ ಹಣ ಗಂಟು ಕಟ್ಟಿಕೊಂಡು ಬಂದು ನಿಂತಳು. ದಾಟಿ ಬಾ ಎಂದು ನಾವು ನಕ್ಕೆವು. ಹುಡುಗರ ಮೈಮೇಲೆ ಕಾಲೆತ್ತಿ ದಾಟುವ ಹೆಣ್ಣುಮಗಳು ಆ ಕಾಲದಲ್ಲಿ ಎಲ್ಲಿದ್ದಳು? ಸ್ವಲ್ಪ ಹೊತ್ತು ನಿಂತು ಹಿಂದಿರುಗಿದಳು. ಮರುದಿನದಿಂದ ದಂಡ ಸೇರಿಸಿ ಕಟ್ಟಬೇಕಿತ್ತು; ಆ ದಂಡದ ಹಣ ಅವಳ ಮನೆಯಲ್ಲಿ ಹುಟ್ಟಲಿಲ್ಲವೆಂದು ಆಮೇಲೆ ತಿಳಿಯಿತು. ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ. ಮತ್ತೆ ಕಾಲೇಜಿಗೂ ಬರಲಿಲ್ಲ. ನಮ್ಮ ಬೇಡಿಕೆ ಏನಿತ್ತು ಎಂಬುದು ಇಂದು ನನಗೆ ನೆನಪಿಲ್ಲ. ಆ ಗಂಟು ಮಾತ್ರ ನೆನಪಿದೆ. ನಿಮ್ಮಲ್ಲಿ ಅನೇಕರು "ಫೀಸಿನ ವಿಷಯದಲ್ಲಿ ಮೇಷ್ಟ್ರು ಯಾಕೆ ಅಷ್ಟು ಆತಂಕ ಪಡುತ್ತಿದ್ದರು" ಎಂದು ಕೇಳಿದ್ದೀರಿ. ಉತ್ತರ ಇದು.

ನಮ್ಮ ನಾಡಿನಲ್ಲೇ ಸರಿಯಾಗಿ ಹೊರಗೆ ಹೋಗಿ, ಸರಿಯಾಗಿ ಒಳಗೆ ಬಂದವರೊಬ್ಬರಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು. 1942ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 'ಭಾರತ ಬಿಟ್ಟು ತೊಲಗಿ' ಚಳವಳಿಗೆ ಧುಮುಕಿ ಓದು ಬಿಟ್ಟರು. ಬೆಲೆಯನ್ನು ತಾವೇ ತೆತ್ತರು, ತಿಂಗಳುಗಟ್ಟಲೆ ಸೆರೆಮನೆಯಲ್ಲಿದ್ದರು. ಹೊರಬಂದ ಮೇಲೆ ಸಂಕೋಚಪಡದೆ ಮತ್ತೆ ಬೆಂಚಿನ ಮೇಲೆ ಕುಳಿತು ಭೌತಶಾಸ್ತ್ರದ ಓದನ್ನು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ವಿದ್ಯಾರ್ಥಿಗಳ ನಡುವೆಯೇ ಕಳೆಯಿತು.

ಇವರೆಲ್ಲರ ಬಾಳಿನಿಂದ ನಾನು ಆಯ್ದುಕೊಂಡದ್ದು ಇಷ್ಟೇ. ಹೊರಗೆ ಹೋಗುವವನು ಮರೆಯಲ್ಲಿ ಜಾರಬಾರದು, ಕಾಣುವಂತೆ ಎದ್ದು ಹೋಗಬೇಕು. ಅದರ ಬೆಲೆಯನ್ನು ತಾನೇ ಕೊಡಬೇಕು, ಪಕ್ಕದವನ ತಲೆಗೆ ಕಟ್ಟಬಾರದು. ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿದಿರಬೇಕು. ಮರಳಿ ಬರಲು ಬಾಗಿಲು ತೆರೆದಿಟ್ಟಿರಬೇಕು. ದೇಶಕ್ಕಾಗಿ ಹೋದರೂ ಅಷ್ಟೇ, ನೀರು ಕುಡಿಯಲು ಹೋದರೂ ಅಷ್ಟೇ.

ಆದ್ದರಿಂದ ಮಗು, ಮೊದಲೇ ಗೊತ್ತಿದ್ದರೆ ಪಾಠಕ್ಕೆ ಮುನ್ನವೇ ಮೇಷ್ಟ್ರಿಗೆ ಹೇಳಿ ಬಾಗಿಲ ಬಳಿ ಕುಳಿತುಕೋ. ಅವಸರವಾದರೆ ಎದ್ದು ನಿಂತು ಕಣ್ಣಿನಲ್ಲೇ ಕೇಳು. ಅವರು ಹಲಗೆಯ ಕಡೆ ತಿರುಗಿದಾಗ ಓಡಬೇಡ. ಬಾಗಿಲು ಬಡಿಯದಂತೆ ಕೈಹಿಡಿದು ಮುಚ್ಚು. ಮೊಗಸಾಲೆಯಲ್ಲಿ ಮೆಲ್ಲಗೆ ನಡೆ. ಪಕ್ಕದ ಕೊಠಡಿಯಲ್ಲಿಯೂ ಪಾಠ ನಡೆಯುತ್ತಿರುತ್ತದೆ. ನಕ್ಕವರ ಬಗ್ಗೆ ಚಿಂತೆ ಬೇಡ. ನಾನೂ ಒಮ್ಮೆ ಹಾಗೆಯೇ ನಕ್ಕಿದ್ದೆ.