ನಡುಮನೆ ಗೋಡೆಗೆ ನಮ್ಮಜ್ಜಿ ಬಂದ ಕತೆ

ಯುಗಾದಿಗೆ ಮುಂಚೆ ತಿ. ನರಸೀಪುರದ ತವರುಮನೆಗೆ ಸುಣ್ಣ ಬಣ್ಣ ಮಾಡಿಸ್ತೀವಿ, ಎರಡು ದಿನ ಬಂದುಹೋಗಕ್ಕ ಅಂತ ತಮ್ಮ ಫೋನ್ ಮಾಡ್ದ. ನಂಜನಗೂಡಿಂದ ಬಸ್ ಹತ್ತಿ ಹೋದೆ. ನಡುಮನೆ ಗೋಡೆ ಮೇಲಿನ ಪಟಗಳನ್ನ ಇಳಿಸಿ ಒರೆಸೋ ಕೆಲಸ ನನ್ನ ಪಾಲಿಗೆ ಬಂತು. ಜಮಖಾನದ ಮೇಲೆ ಸಾಲಾಗಿ ಮಲಗಿಸಿ ಎಣಿಸಿದೆ. ಒಟ್ಟು 19. ದೇವರು 9, ಮಹಾರಾಜರು, ಗಾಂಧಿ, ಸುತ್ತೂರು ರಾಜೇಂದ್ರ ಶ್ರೀಗಳದ್ದು ಒಂದೊಂದು, ತಾತ, ದೊಡ್ಡಪ್ಪ, ಅಪ್ಪಂದು ಸೇರಿ 3, ಮದುವೆ ಜೋಡಿ ಪಟ 3, ಅಜ್ಜಿದು 1.

ಲಕ್ಷ್ಮಿ, ಸರಸ್ವತಿ ಬಿಟ್ಟರೆ ಒಂಟಿ ಹೆಣ್ಣಿನ ಪಟ ಅಂತ ಇದ್ದದ್ದು ಅಜ್ಜಿದೊಂದೇ. ಅದೂ ಅವರು ಸತ್ತ ಮೇಲೆ ಹಾಕಿದ್ದು. ಇಷ್ಟು ವರ್ಷ ಆ ಗೋಡೆ ಕೆಳಗೇ ಉಂಡು ಮಲಗಿ ಬೆಳೆದೋಳಿಗೆ ಇದು ಕಂಡೇ ಇರಲಿಲ್ಲ ನೋಡಿ. ನಿಮ್ಮ ಮನೆ ಗೋಡೆನೂ ಒಂದ್ಸಲ ಎಣಿಸಿ.

ಗೋಡೆಗೆ ಮೊದಲು ಬಂದೋರು ದೇವರು. ಹಿಂದೆ ಒಳ್ಳೆ ಚಿತ್ರ ಅಂದ್ರೆ ಅರಮನೆ, ಮಠ, ಗುಡಿಯಲ್ಲಿ ನೋಡಬೇಕಿತ್ತು. ರಾಜಾ ರವಿವರ್ಮ 1894ರಲ್ಲಿ ಬೊಂಬಾಯಲ್ಲಿ ಅಚ್ಚುಕೂಟ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರ ಸಾಮಾನ್ಯರ ಮನೆಗೂ ಬಂತು. ಆಮೇಲೆ ಶಿವಕಾಶಿಯ ಕ್ಯಾಲೆಂಡರ್ ಕಾಲ. ವರ್ಷ ಮುಗೀತಿದ್ದಂಗೆ ನಮ್ಮವ್ವ ತಾರೀಕಿನ ಹಾಳೆ ಕಿತ್ತು, ಅಂಗಡಿ ಹೆಸರನ್ನ ಕತ್ತರಿಸಿ, ಶಿವ ಪಾರ್ವತಿನ ಮಾತ್ರ ಕಟ್ಟು ಹಾಕೋನ ಹತ್ರ ಕಳಿಸೋರು. ನಮ್ಮ ಮನೆಯ ಒಂಬತ್ತು ದೇವರಲ್ಲಿ ಐದು ಹಂಗೆ ಬಂದೋರು.

ಆಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿ ಕಟ್ಟಿಸಿದ ದೊರೆ ಅಂತ ನಮ್ಮ ಸೀಮೆಯ ಹಳೇ ಮನೆಗಳಲ್ಲಿ ಅವರ ಪಟಕ್ಕೂ ದೇವರ ಸಾಲಲ್ಲೇ ಜಾಗ. ಅವರು ತೀರಿಕೊಂಡದ್ದು 1940ರಲ್ಲಿ, ನಮ್ಮನೇಲಿ ಈಗಲೂ ಹೂವು ಇಡ್ತಾರೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆ ಚಿತ್ರ ಇವೆಯಲ್ಲ, ಅವನ್ನ ಕಲಾವಿದರು ನಿಜವಾದ ಫೋಟೋ ನೋಡಿಕೊಂಡೇ ಬರೆದದ್ದು. ಮುಂದಿನ ಸಲ ಹೋದಾಗ ಅದರಲ್ಲಿರೋ ಮುಖಗಳನ್ನ ನಿಂತು ನೋಡಿ. ಎಲ್ಲಾ ಬದುಕಿದ್ದ ಜನರ ಮುಖ.

ಇನ್ನು ಮನೆಯೋರ ಫೋಟೋಕ್ಕೆ ಬರೋಣ. ಫ್ರಾನ್ಸಿನಲ್ಲಿ 1839ರಲ್ಲಿ ಫೋಟೋ ವಿದ್ಯೆನ ಜಗತ್ತಿಗೆ ಸಾರಿದ್ರು. ನಮ್ಮಂಥೋರ ಮನೆಗೆ ಅದು ಬರೋಕೆ ನೂರು ವರ್ಷ ಹಿಡೀತು. ತಾತನ ಪಟ ಮೈಸೂರಿನ ಸ್ಟುಡಿಯೋದ್ದು. ಕರಿ ಕೋಟು, ಪೇಟ, ಬೆತ್ತದ ಕುರ್ಚಿ, ಪಕ್ಕದಲ್ಲಿ ಹೂದಾನಿ. ಆ ಕೋಟು ಸ್ಟುಡಿಯೋದೋರದ್ದೇ ಅಂತ ಅತ್ತೆ ಹೇಳ್ತಾರೆ. ತಾತ ವ್ಯವಹಾರಕ್ಕೆ ಅಂತ ಮೈಸೂರಿಗೆ ಹೋಗೋರು, ಕೈಯಲ್ಲಿ ಕಾಸು ಇರೋದು, ತೆಗೆಸಿಕೊಂಡ್ರು. ಅಜ್ಜಿನ ಯಾರೂ ಕರಕೊಂಡು ಹೋಗಲಿಲ್ಲ. ಕೇಳಿದ್ರೆ, ‘ಫೋಟ ತೆಗುಸ್ಕಂಡ್ರೆ ಆಯಸ್ಸು ಕಮ್ಮಿ ಆಯ್ತದೆ ಕನ’ ಅನ್ನೋರು. ಗಂಡಸರ ಆಯಸ್ಸು ಮಾತ್ರ ಯಾಕೆ ಕಮ್ಮಿ ಆಗ್ತಿರಲಿಲ್ಲ ಅಂತ ಆಗ ಕೇಳೋ ಬುದ್ಧಿ ನಮಗಿರಲಿಲ್ಲ.

ಹೆಣ್ಣುಮಕ್ಕಳಿಗೆ ಫೋಟೋದ ಯೋಗ ಬರ್ತಿದ್ದದ್ದು ಎರಡೇ ಸಲ. ಒಂದು, ಗಂಡಿನ ಕಡೆಯೋರಿಗೆ ತೋರಿಸೋಕೆ. ಅದು ಹೋದ್ರೆ ವಾಪಸ್ ಬಂದರೂ ಬಂತು, ಇಲ್ಲದಿದ್ರೆ ಇಲ್ಲ. ಇನ್ನೊಂದು, ಮದುವೆ ದಿನ, ಅದೂ ತಲೆ ತಗ್ಗಿಸಿಕೊಂಡು. ನಂಜನಗೂಡಿನ ದೊಡ್ಡ ಜಾತ್ರೇಲೋ ಮುಡುಕುತೊರೆ ಜಾತ್ರೇಲೋ ಪರದೆ ಕಟ್ಟಿದ ಫೋಟೋ ಅಂಗಡಿ ಮುಂದೆ ನಿಂತು ತೆಗೆಸಿಕೊಂಡೋರು ಪುಣ್ಯವಂತರು.

ಕ್ಯಾಮೆರಾ ಮನೆಯೊಳಗೆ ಬಂದದ್ದು ಆಗ್ಫಾ ಕ್ಲಿಕ್ ಕಾಲದಲ್ಲಿ. ಒಂದು ರೀಲಿಗೆ 12 ಫೋಟೋ. ಸರ್ಕಾರದ ಹಿಂದೂಸ್ಥಾನ್ ಫೋಟೋ ಫಿಲಂಸ್ ಕಾರ್ಖಾನೆ ಇದ್ದದ್ದು ಊಟಿಯಲ್ಲಿ, ಅಲ್ಲಿ ‘ಇಂದು’ ಅಂತ ಫಿಲಂ ತಯಾರಾಗ್ತಿತ್ತು. ನಂಜನಗೂಡಿನ ಮೇಲೇ ಹೋಗೋ ಊಟಿ ರಸ್ತೆಯ ಆ ತುದೀಲಿ ಫೋಟೋದ ಫಿಲಂ ಮಾಡ್ತಿದ್ರು, ಈ ತುದೀಲಿ ನಮ್ಮಜ್ಜಿಗೆ ಒಂದು ಫೋಟೋ ಇರಲಿಲ್ಲ.

ಕೊನೆಗೆ ಅಜ್ಜಿನ ಕ್ಯಾಮೆರಾ ಮುಂದೆ ಕೂರಿಸಿದ್ದು ಸರ್ಕಾರ. ಶೇಷನ್ ಕಾಲದಲ್ಲಿ, 1993ರಲ್ಲಿ ಮತದಾರರ ಗುರುತಿನ ಚೀಟಿ ಬಂತಲ್ಲ, ಅದಕ್ಕೆ ನಮ್ಮೂರ ಸ್ಕೂಲಲ್ಲಿ ಸಾಲು ನಿಲ್ಲಿಸಿ ತೆಗೆದ್ರು. ಅಜ್ಜಿ ಹೆದರಿಕೊಂಡು ಕಣ್ಣು ಬಿಟ್ಟಿದ್ದಾರೆ, ಸೆರಗು ಒಂದು ಕಡೆ ಜಾರಿದೆ. 1998ರಲ್ಲಿ ಅವರು ತೀರಿಕೊಂಡಾಗ ಮನೇಲಿ ಬೇರೆ ಫೋಟೋ ಸಿಗಲಿಲ್ಲ. ಆ ಉಗುರಗಲದ ಫೋಟೋನೇ ದೊಡ್ಡದು ಮಾಡಿಸಿದ್ರು. ಮುಖ ಎಲ್ಲಾ ಚುಕ್ಕೆ ಚುಕ್ಕೆ, ಬೂದು ಬೂದು. ಅದಕ್ಕೇ ಕಟ್ಟು ಹಾಕಿಸಿ ಗಂಧದ ಹಾರ ಹಾಕಿದ್ರು. ಮೊಮ್ಮಕ್ಕಳ ಮಕ್ಕಳೆಲ್ಲ ಅವರನ್ನ ‘ಕೋಪದಜ್ಜಿ’ ಅಂತಾರೆ. ನಗದೆ ಒಂದು ಮಾತಾಡದ ಹೆಂಗಸು ಅವರು! ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಗೋಡೆ ಮೇಲಿರೋ ಅಜ್ಜಿಯರು ಹಿಂಗೇ ವೋಟಿನ ಚೀಟಿಯಿಂದಲೋ ರೇಷನ್ ಕಾರ್ಡಿಂದಲೋ ಬಂದೋರು.

ಪಟ ಒರೆಸಿದ ಮೇಲೆ ಅವ್ವನ ಟ್ರಂಕು ತೆಗೆದೆ. ಹಳೇ ಲಗ್ನಪತ್ರಿಕೆಗಳ ನಡುವೆ ಒಂದು ಚೌಕದ ಕಪ್ಪು ಬಿಳುಪು ಫೋಟೋ. ಈಳಿಗೆಮಣೆ ಮುಂದೆ ಕೂತು ಕುಂಬಳಕಾಯಿ ಹೆಚ್ಚುತಾ ಒಬ್ಬ ಹೆಂಗಸು ಬಾಯ್ತುಂಬ ನಗ್ತಾ ಇದ್ದಾರೆ. ಅತ್ತೆಗೆ ತೋರಿಸಿದೆ. ‘ಅಯ್ಯೋ, ನಮ್ಮವ್ವ ಕನ! ನನ್ನ ಮದ್ವೆ ಹಿಂದ್ಲು ದಿನ. ರೀಲಲ್ಲಿ ಒಂದ್ ಉಳ್ಕಂಡದೆ ಅಂತ ನಮ್ಮ ಚಿಕ್ಕಪ್ಪ ಹೊಡ್ದದ್ದು’ ಅಂದು ಕಣ್ಣೊರೆಸಿಕೊಂಡ್ರು. ಅಂದ್ರೆ 1974. ಹನ್ನೆರಡರಲ್ಲಿ ಉಳಿದ ಒಂದು, ಅದು ನಮ್ಮಜ್ಜಿ ಪಾಲು.

ನಾನು ಅವತ್ತೇ ಇದನ್ನ ಗೋಡೆಗೆ ಹಾಕೋಣ ಅಂದೆ. ತಮ್ಮ ಒಪ್ಪಲಿಲ್ಲ. ‘ಅಕ್ಕ, ಇಪ್ಪತ್ತೈದು ವರ್ಷದಿಂದ ಮಹಾಲಯ ಅಮಾಸೇಲಿ ಎಡೆ ಇಟ್ಟಿರೋದು ಆ ಪಟಕ್ಕೆ. ಅದ ಇಳ್ಸಕಾದದಾ? ಅದೂ ಅಲ್ದೆ ಈಳಿಗೆಮಣೆ ಮುಂದೆ ಕುಂತಿರೋದ ನಡುಮನೇಲಿ ಹಾಕದ್ರೆ ನೋಡ್ದೋರು ಏನಂದಾರು?’ ಅಂದ. ಅವನ ಮಾತೂ ತಪ್ಪಲ್ಲ. ಪಟ ಅಂದ್ರೆ ಬರೀ ಕಾಗದ ಅಲ್ಲ, ನಮಸ್ಕಾರ ಬಿದ್ದೂ ಬಿದ್ದೂ ಅದಕ್ಕೊಂದು ಜೀವ ಬಂದಿರುತ್ತೆ. ಆದ್ರೂ ಬದುಕೆಲ್ಲಾ ಆ ಮಣೆ ಮುಂದೆ ಕೂತೋರನ್ನ ಮಣೆ ಬಿಟ್ಟು ತೋರಿಸೋದು ಹೆಂಗೆ? ಎರಡು ದಿನ ಅಕ್ಕ ತಮ್ಮ ಸರಿಯಾಗಿ ಮಾತಾಡಲಿಲ್ಲ.

ಅತ್ತೆನೇ ದಾರಿ ತೋರಿಸಿದ್ರು. ‘ಎಡೆ ಪಟ ತಾತನ ಪಕ್ಕದಲ್ಲೇ ಇರ್ಲಿ. ನಗೋ ಪಟವ ಊಟದ ಜಾಗದ ಎದುರಿಗೆ ಹಾಕ್ರವ್ವ, ಹಾರ ಹಾಕ್‌ಬ್ಯಾಡಿ’ ಅಂದ್ರು. ಹಂಗೇ ಮಾಡಿದ್ವಿ.

ಕಟ್ಟು ಹಾಕಿಸೋ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ನಷ್ಟ ಆದ ಮೇಲೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆಲ್ಲ ನೀರು ನುಗ್ಗಿತು. ನಾವು ಅಕ್ಕಿ, ಬಟ್ಟೆ, ಟಿವಿ ಅಟ್ಟಕ್ಕೆ ಏರಿಸಿದ್ವಿ, ಪಟ ಮರೆತ್ವಿ. ನೀರಿಳಿದ ಮೇಲೆ ನೋಡಿದ್ರೆ ಫೋಟೋಗಳು ಗಾಜಿಗೆ ಅಂಟಿಕೊಂಡಿದ್ವು. ಅವಸರಕ್ಕೆ ಬಿಡಿಸೋಕೆ ಹೋಗಿ ನನ್ನ ಮಗಳ ನಾಮಕರಣದ ಫೋಟೋದಲ್ಲಿ ನಮ್ಮವ್ವನ ಮುಖವೇ ಕಿತ್ತು ಬಂತು. ಅಂಟಿಕೊಂಡಿದ್ರೆ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಹೊಸದಾಗಿ ಕಟ್ಟು ಹಾಕಿಸುವಾಗ ಫೋಟೋಗೂ ಗಾಜಿಗೂ ನಡುವೆ ಸುತ್ತ ದಪ್ಪ ಕಾಗದದ ಅಂಚು ಇಡಿಸಿ, ಆಗ ಗಾಜು ತಾಗಲ್ಲ. ಅಸಲನ್ನ ಒಳಗಿಟ್ಟು ನಕಲನ್ನ ಗೋಡೆಗೆ ಹಾಕಿ. ಕಪ್ಪು ಬಿಳುಪಿನಲ್ಲಿರೋದು ಬೆಳ್ಳಿಯ ಕಣ, ಅದು ತಡೆಯುತ್ತೆ. ಬಣ್ಣದ ಫೋಟೋದಲ್ಲಿರೋದು ಬರೀ ಬಣ್ಣ, ಬಿಸಿಲು ಬಿದ್ರೆ ಮಾಸಿ ಹೋಗುತ್ತೆ. ಹಿಂದಿನ ರಟ್ಟನ್ನ ವರ್ಷಕ್ಕೊಮ್ಮೆ ಗೆದ್ದಲಿಗೆ ನೋಡಿ. ಹಿಂದೆಲ್ಲಾ ಪಟನ ಮುಂದಕ್ಕೆ ಬಾಗಿಸಿ ಕಟ್ಟೋರು, ನೆಲದ ಮೇಲೆ ಕೂತೋರಿಗೆ ಕಾಣ್ತಿತ್ತು, ಹಿಂದೆ ಗುಬ್ಬಚ್ಚಿ ಗೂಡು ಕಟ್ಟೋದು. ಈಗ ಗುಬ್ಬಿನೂ ಇಲ್ಲ, ನೆಲದ ಮೇಲೆ ಕೂರೋರೂ ಕಮ್ಮಿ.

ಇನ್ನೊಂದು ಮಾತು. ಆ ಟ್ರಂಕಿನಲ್ಲಿ ಅಜ್ಜಿ ಫೋಟೋ ಜೊತೆ ಇನ್ನೊಬ್ಬ ಹುಡುಗಿಯ ಫೋಟೋನೂ ಇತ್ತು. ಎರಡು ಜಡೆ, ಕೈಯಲ್ಲಿ ಪುಸ್ತಕ. ಅತ್ತೆಗೂ ಗೊತ್ತಾಗಲಿಲ್ಲ, ಊರಲ್ಲಿ ಹಿರಿಯರು ಯಾರಿಗೂ ಗೊತ್ತಾಗಲಿಲ್ಲ. ನಮ್ಮೋರೇ ಯಾರೋ, ಹೆಸರಿಲ್ಲ. ಅದಕ್ಕೇ ಇವತ್ತೇ ಒಂದು ಪೆನ್ಸಿಲ್ ತಗೊಂಡು, ಮನೇಲಿರೋ ಫೋಟೋಗಳ ಹಿಂದೆ ಮೆತ್ತಗೆ ಹೆಸರು, ಊರು, ಇಸವಿ ಬರೆದಿಡಿ. ಫೋನಲ್ಲಿ ಸಾವಿರ ಫೋಟೋ ಇದ್ರೂ ನಾಲ್ಕನ್ನಾದ್ರೂ ಪ್ರಿಂಟ್ ಹಾಕಿಸಿ.

ನಾನೂ ನನ್ನದೊಂದು ಆರಿಸಿಟ್ಟಿದ್ದೀನಿ. ‘ಬದುಕಿರುವಾಗ್ಲೇ ಇದೇನವ್ವ ಅಪಶಕುನ’ ಅಂತ ಮಗಳು ರೇಗಿದಳು. ಬೀಗರ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಸೆರಗು ಸಿಕ್ಕಿಸಿಕೊಂಡು ಪಾಯಸ ಬಡಿಸುತಾ ನಗ್ತಿರೋ ಫೋಟೋ ಅದು. ಈಗಲೇ ಹಾಲಿನ ಗೋಡೆಗೆ ಹಾಕಿಸಿದ್ದೀನಿ, ಹಾರ ಇಲ್ಲದೆ.